ಕೈಕೊಟ್ಟ ಲ್ಯಾಪ್‌ಟಾಪ್: ವಾರಂಟಿಯಲ್ಲಿ ದುರಸ್ತಿ ಮಾಡಿಸಿಕೊಳ್ಳುವುದು ಹೇಗೆ?

ಪ್ರಾಜೆಕ್ಟ್ ವರದಿ ಒಪ್ಪಿಸಬೇಕಾದ ವಾರದಲ್ಲೇ ಲ್ಯಾಪ್‌ಟಾಪ್ ಕೈಕೊಟ್ಟರೆ, ಬೆಂಗಳೂರಿನ ಕಾಲೇಜು ವಿದ್ಯಾರ್ಥಿಗಳಿಗೆ ಮೊದಲು ನೆನಪಾಗುವುದು ಎಸ್‌.ಪಿ. ರಸ್ತೆ. ಅಲ್ಲಿ ನುರಿತ ಕೆಲಸಗಾರರಿದ್ದಾರೆ, ಬಿಡಿಭಾಗಗಳೂ ಸಿಗುತ್ತವೆ. ವಾರಂಟಿ ಮುಗಿದ ಯಂತ್ರಕ್ಕೆ ಅದು ಒಳ್ಳೆಯ ಜಾಗವೇ. ಆದರೆ ವಾರಂಟಿ ಉಳಿದಿರುವ ಲ್ಯಾಪ್‌ಟಾಪನ್ನು ಹೊರಗಿನವರು ಒಮ್ಮೆ ಬಿಚ್ಚಿದರೆ, ಕಂಪನಿಯ ಸರ್ವಿಸ್ ಸೆಂಟರ್ ಕೈತೊಳೆದುಕೊಳ್ಳಲು ನಾವೇ ಕಾರಣ ಒದಗಿಸಿದಂತಾಗುತ್ತದೆ. ಉಚಿತ ದುರಸ್ತಿ ಸಿಗುವುದೋ ಇಲ್ಲವೋ ಎಂಬುದು ಬಹುಪಾಲು ನಿರ್ಧಾರವಾಗುವುದು ಯಂತ್ರವನ್ನು ಒಪ್ಪಿಸುವ ಮೊದಲು ನಾವು ಕೂಡಿಸಿಟ್ಟುಕೊಂಡ ದಾಖಲೆಗಳಿಂದ. ಆದ್ದರಿಂದ ಎಷ್ಟೇ ಅವಸರವಿದ್ದರೂ ಒಂದು ಸಂಜೆಯನ್ನು ಅದಕ್ಕಾಗಿ ಮೀಸಲಿಡಬೇಕು.

ಮೊದಲು ವಾರಂಟಿ ಇದೆಯೇ, ಇದ್ದರೆ ಯಾವ ಬಗೆಯದು ಎಂದು ನೋಡಿ. ಲ್ಯಾಪ್‌ಟಾಪಿನ ಅಡಿಭಾಗದಲ್ಲಿ ಸೀರಿಯಲ್ ನಂಬರ್ ಇರುತ್ತದೆ. ಡೆಲ್ ಯಂತ್ರಗಳಲ್ಲಿ ಅದನ್ನು ಸರ್ವಿಸ್ ಟ್ಯಾಗ್ ಎನ್ನುತ್ತಾರೆ. ಅಕ್ಷರಗಳು ತೀರಾ ಸಣ್ಣವಾಗಿರುವುದರಿಂದ ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ಓದುವುದು ಸುಲಭ. ಆ ಸಂಖ್ಯೆಯನ್ನು ಕಂಪನಿಯ ಅಧಿಕೃತ ಜಾಲತಾಣದಲ್ಲಿ ನಮೂದಿಸಿದರೆ ವಾರಂಟಿ ಎಂದು ಮುಗಿಯುತ್ತದೆ, ಎಂಜಿನಿಯರ್ ಮನೆಗೇ ಬರುತ್ತಾರೋ ಅಥವಾ ನಾವೇ ಸೆಂಟರಿಗೆ ಒಯ್ಯಬೇಕೋ ಎಂಬುದು ತಿಳಿಯುತ್ತದೆ. ಅಲ್ಲಿ ಕಾಣುವ ದಿನಾಂಕ ಬಿಲ್ಲಿನ ದಿನಾಂಕಕ್ಕೆ ಹೊಂದದಿದ್ದರೆ, ಬಿಲ್ ಕಳುಹಿಸಿ ತಿದ್ದಿಸಿಕೊಳ್ಳಿ. ಆನ್‌ಲೈನಿನಲ್ಲಿ ಕೊಂಡಿದ್ದರೆ ಜಿಎಸ್‌ಟಿ ಬಿಲ್ ನಿಮ್ಮ ಆರ್ಡರ್ ಪುಟದಲ್ಲೇ ಸಿಗುತ್ತದೆ. ಬಿಲ್ ಊರಿನಲ್ಲಿರುವ ಅಪ್ಪನ ಹೆಸರಿನಲ್ಲಿದೆಯಲ್ಲ ಎಂದು ಅಳುಕಬೇಕಾಗಿಲ್ಲ. ಕೊಂಡವರ ಒಪ್ಪಿಗೆಯಿಂದ ವಸ್ತುವನ್ನು ಬಳಸುವವರನ್ನೂ ಗ್ರಾಹಕರೆಂದೇ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಪರಿಗಣಿಸುತ್ತದೆ.

ದೋಷ ಯಾವುದೆಂದು ಒಂದಿಷ್ಟು ನೀವೇ ಪರೀಕ್ಷಿಸಬಹುದು. ಆನ್ ಆಗದಿದ್ದರೆ ಚಾರ್ಜರ್ ತೆಗೆದು, ಪವರ್ ಬಟನನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಮತ್ತೆ ಚಾರ್ಜರ್ ಹಾಕಿ ನೋಡಿ; ಎಷ್ಟೋ ಸಲ ಇಷ್ಟರಿಂದಲೇ ಜೀವ ಬರುತ್ತದೆ. ಪರದೆ ಕಪ್ಪಾಗಿದ್ದರೆ ಎಚ್‌ಡಿಎಂಐ ಕೇಬಲಿನಿಂದ ಬೇರೆ ಮಾನಿಟರಿಗೆ ಜೋಡಿಸಿ. ಅಲ್ಲಿ ಚಿತ್ರ ಬಂದರೆ ತೊಂದರೆ ಇರುವುದು ಪರದೆಯಲ್ಲೋ ಅದರ ಕೇಬಲಿನಲ್ಲೋ ಎಂದು ಊಹಿಸಬಹುದು. ಆಗಾಗ ಬಂದು ಹೋಗುವ ದೋಷವಾದರೆ, ಅದು ಕಾಣಿಸಿಕೊಂಡಾಗಲೇ ವಿಡಿಯೊ ಮಾಡಿಟ್ಟುಕೊಳ್ಳಿ. ಸೆಂಟರಿನ ಮೇಜಿನ ಮೇಲೆ ಯಂತ್ರ ಸುಮ್ಮನೆ ಚೆನ್ನಾಗಿ ನಡೆದುಬಿಟ್ಟರೆ ‘ದೋಷ ಕಂಡುಬಂದಿಲ್ಲ’ ಎಂದು ಬರೆದು ಹಿಂದಿರುಗಿಸುತ್ತಾರೆ.

ಇನ್ನು ಮುಂದಿನದು ಎಲ್ಲಕ್ಕಿಂತ ಮುಖ್ಯವಾದದ್ದು. ವಾರಂಟಿ ಯಂತ್ರಕ್ಕೆ ಮಾತ್ರ, ಅದರೊಳಗಿನ ಕಡತಗಳಿಗಲ್ಲ. ಲ್ಯಾಪ್‌ಟಾಪ್ ಇನ್ನೂ ಆನ್ ಆಗುತ್ತಿದ್ದರೆ ಪ್ರಾಜೆಕ್ಟ್, ಲ್ಯಾಬ್ ರೆಕಾರ್ಡ್, ಅಂಕಪಟ್ಟಿಗಳ ಪ್ರತಿ ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿ. ಜೊತೆಗೆ, ಡಿಸ್ಕಿಗೆ ಬಿದ್ದ ಬೀಗವನ್ನು ತೆರೆಯುವ ಸಂಖ್ಯೆಯಾದ ಬಿಟ್‌ಲಾಕರ್ ರಿಕವರಿ ಕೀಯನ್ನು ಬರೆದಿಟ್ಟುಕೊಳ್ಳಿ. ಹೆಚ್ಚಿನ ವಿದ್ಯಾರ್ಥಿಗಳಿಗೆ ಇದರ ಅರಿವೇ ಇರುವುದಿಲ್ಲ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಅನೇಕ ವಿಂಡೋಸ್ 11 ಯಂತ್ರಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪೀಕರಣಗೊಂಡಿರುತ್ತದೆ, ಅಂದರೆ ಬೇರೆಯವರು ಓದಲಾಗದಂತೆ ಅದಕ್ಕೆ ಬೀಗ ಬಿದ್ದಿರುತ್ತದೆ. ಅದರ ಬೀಗದ ಗುರುತು ಮದರ್‌ಬೋರ್ಡಿನಲ್ಲಿರುವ ಟಿಪಿಎಂ ಎಂಬ ಭಾಗದಲ್ಲಿರುತ್ತದೆ. ಮದರ್‌ಬೋರ್ಡ್ ಬದಲಾದರೆ ಆ ಗುರುತು ಅದರೊಂದಿಗೇ ಹೋಗುತ್ತದೆ, ಡಿಸ್ಕ್ ಹಳೆಯದೇ ಇದ್ದರೂ ರಿಕವರಿ ಕೀ ಇಲ್ಲದೆ ತೆರೆಯುವುದಿಲ್ಲ. ನನ್ನ ಅಕ್ಕನ ಮಗಳ ಲ್ಯಾಪ್‌ಟಾಪಿಗೆ ಹೀಗೆಯೇ ಉಚಿತವಾಗಿ ಹೊಸ ಮದರ್‌ಬೋರ್ಡ್ ಹಾಕಿಕೊಟ್ಟರು. ಮನೆಗೆ ತಂದು ಆನ್ ಮಾಡಿದರೆ ನೀಲಿ ಪರದೆಯ ಮೇಲೆ 48 ಅಂಕಿಗಳನ್ನು ತುಂಬಿಸುವಂತೆ ಕೇಳುವ ಸಾಲು. ಅವಳು ಮೊಬೈಲಿನಲ್ಲಿ ತನ್ನ ಮೈಕ್ರೋಸಾಫ್ಟ್ ಖಾತೆ ತೆರೆದು, ಅಲ್ಲಿ ಉಳಿದಿದ್ದ ಕೀಯನ್ನು ಒಂದೊಂದೇ ಅಂಕಿ ಓದಿ ಹೇಳಿದಳು, ನಾನು ಒತ್ತುತ್ತಾ ಹೋದೆ. ಕೀ ಇದ್ದದ್ದರಿಂದ ಎರಡು ವರ್ಷದ ಟಿಪ್ಪಣಿಗಳು ಉಳಿದವು. ಕಾಲೇಜು ಕೊಟ್ಟ ಇಮೇಲ್ ವಿಳಾಸದಿಂದ ಲಾಗಿನ್ ಆಗಿದ್ದರೆ ಕೀ ಕಾಲೇಜಿನ ಖಾತೆಯಲ್ಲಿ ಕುಳಿತಿರಬಹುದು, ಆ ಖಾತೆ ಕೋರ್ಸ್ ಮುಗಿದ ಮೇಲೆ ಮುಚ್ಚಿಹೋಗಲೂಬಹುದು. ಆದ್ದರಿಂದ ಇಂದೇ ನೋಡಿ ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ಕ್ಷೇಮ. ಆ ಕಾಗದ ಲ್ಯಾಪ್‌ಟಾಪ್ ಚೀಲದಲ್ಲಿ ಇರಕೂಡದು. ಮ್ಯಾಕ್‌ಬುಕ್ ಇದ್ದವರು, ಕಳೆದುಹೋದ ಯಂತ್ರವನ್ನು ಹುಡುಕಿಕೊಡುವ ‘ಫೈಂಡ್ ಮೈ’ ಸೌಲಭ್ಯವನ್ನು ಆಫ್ ಮಾಡಿ ಒಯ್ಯಬೇಕಾಗುತ್ತದೆ.

ದೂರು ದಾಖಲಿಸಲು ಫೋನ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಕಂಪನಿಯ ಗ್ರಾಹಕ ಸೇವೆಯ ಹೆಸರಿನಲ್ಲಿ ವಂಚಕರು ಹಾಕಿರುವ ನಂಬರುಗಳು ಅಲ್ಲಿ ಕಾಣಿಸುವುದುಂಟು. ನೋಂದಣಿ ಶುಲ್ಕ ಕೇಳಿದರೆ, ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಿ ಎಂದರೆ ಅದು ಮೋಸವೆಂದೇ ತಿಳಿದು ಕರೆ ಕತ್ತರಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕಂಪನಿಯ ಸ್ವಂತ ಜಾಲತಾಣದಿಂದ ದೂರು ಸಲ್ಲಿಸಿದರೆ ಒಂದು ಕೇಸ್ ನಂಬರ್ ಸಿಗುತ್ತದೆ. ಮುಂದಿನ ಪ್ರತಿಯೊಂದು ಮಾತುಕತೆಯಲ್ಲೂ ಅದನ್ನೇ ಉಲ್ಲೇಖಿಸಿ.

ಸೆಂಟರಿಗೆ ಹೊರಡುವ ಮುನ್ನ ಹಗಲು ಬೆಳಕಿನಲ್ಲಿ ಲ್ಯಾಪ್‌ಟಾಪಿನ ಎಲ್ಲ ಮಗ್ಗುಲುಗಳ, ಕೀಲುಗಳ, ಪೋರ್ಟುಗಳ, ತಳದ ಸ್ಕ್ರೂಗಳ ಫೋಟೊ ತೆಗೆಯಿರಿ. ಮಳೆಗಾಲವಾದರೆ ಸ್ಕೂಟರಿನಲ್ಲಿ ಒಯ್ಯುವಾಗ ಪ್ಲಾಸ್ಟಿಕ್ ಸುತ್ತಿ ಚೀಲದೊಳಗಿಡಿ. ತೇವ ತಗುಲಿದರೆ ಹೊಸ ತಕರಾರು ಹುಟ್ಟುತ್ತದೆ. ಅಲ್ಲಿ ಬರೆದುಕೊಡುವ ಜಾಬ್ ಶೀಟ್ ಬರೀ ರಸೀದಿಯಲ್ಲ, ಮುಂದೆ ವಿವಾದವಾದರೆ ನಿಮ್ಮ ಕೈಯಲ್ಲಿರುವ ಮುಖ್ಯ ಸಾಕ್ಷ್ಯ ಅದೇ. ಕೌಂಟರಿನಲ್ಲಿರುವವರು ಅಭ್ಯಾಸಬಲದಿಂದ ‘ಬಾಡಿ ಸ್ಕ್ರ್ಯಾಚಸ್’, ‘ಫಿಸಿಕಲ್ ಡ್ಯಾಮೇಜ್’ ಎಂದು ಬರೆದುಬಿಡುತ್ತಾರೆ. ಎರಡರ ನಡುವೆ ಅಜಗಜಾಂತರವಿದೆ: ಮೇಲ್ಮೈಯ ಗೀರು ವಾರಂಟಿಗೆ ಅಡ್ಡಿಯಾಗುವುದಿಲ್ಲ, ಭೌತಿಕ ಹಾನಿಯೆಂಬ ನಮೂದು ಅಡ್ಡಿಯಾಗುತ್ತದೆ. ಆದ್ದರಿಂದ ಪ್ರತಿ ಸಾಲನ್ನೂ ಓದಿ, ಹೊಂದದ್ದನ್ನು ತಿದ್ದಿಸಿ, ದೋಷವನ್ನು ನಿಮ್ಮ ಮಾತಿನಲ್ಲೇ ಸ್ಪಷ್ಟವಾಗಿ ಬರೆಸಿ, ಚಾರ್ಜರ್ ಕೊಟ್ಟಿದ್ದರೆ ಅದನ್ನೂ ಸೇರಿಸಿ, ಆಮೇಲೆ ಸಹಿ ಹಾಕಿ. ಹಿಂದೆ ಜನ ನಿಂತಿದ್ದಾರೆಂದು ಸಂಕೋಚ ಪಟ್ಟುಕೊಳ್ಳಬೇಡಿ. ‘ಡೇಟಾ ಅಳಿಸಲು ಒಪ್ಪಿಗೆ ಇದೆ’ ಎಂಬ ಚೌಕದಲ್ಲಿ ಈಗಾಗಲೇ ಗುರುತು ಬಿದ್ದಿದೆಯೇ ಎಂದೂ ನೋಡಿ.

ಜಗಳ ಏಳುವುದು ಹೆಚ್ಚಾಗಿ ಎರಡು ವಿಷಯಗಳಲ್ಲಿ. ಒಂದು, ನೀರು ಅಥವಾ ಕಾಫಿ ಒಳಹೊಕ್ಕಿದೆ ಎಂಬುದು. ಇದು ನಿಜವಾದರೆ ಸಾಮಾನ್ಯ ವಾರಂಟಿ ಅನ್ವಯಿಸುವುದಿಲ್ಲ. ಆಕಸ್ಮಿಕ ಹಾನಿಯ ರಕ್ಷಣೆಯನ್ನು ಬೇರೆಯಾಗಿ ಕೊಂಡಿದ್ದರೆ ಮಾತ್ರ ದಾರಿಯಿದೆ. ಇನ್ನೊಂದು ಪರದೆಯ ಕೀಲು. ಬಿದ್ದ ಯಾವ ಗುರುತೂ ಇಲ್ಲದೆ, ಬರೀ ತೆರೆದು ಮುಚ್ಚಿದ್ದಕ್ಕೇ ಕೀಲು ಬಿಗಿಯಾಗಿ ಅಂಚು ಸೀಳಿದ್ದರೂ ಬಳಕೆದಾರರ ತಪ್ಪೆಂದು ಹೇಳುವುದುಂಟು. ಇಂಥಲ್ಲಿ ಸುಲಭವಾಗಿ ಬಿಟ್ಟುಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಿರಾಕರಣೆಯ ಕಾರಣವನ್ನು ಫೋಟೊ ಸಹಿತ ಇಮೇಲಿನಲ್ಲಿ ಕೊಡುವಂತೆ ಕೇಳಿ, ಅದೇ ಕೇಸ್ ನಂಬರಿನಡಿ ಕಂಪನಿಯ ಮೇಲಿನ ಹಂತಕ್ಕೆ ನಿಮ್ಮ ಫೋಟೊಗಳನ್ನು ಕಳುಹಿಸಿ. ಸೆಂಟರುಗಳನ್ನು ಬಹಳಷ್ಟು ಕಡೆ ಬೇರೆ ಸಂಸ್ಥೆಗಳು ನಡೆಸುತ್ತವೆ. ಅವರ ಮಾತೇ ಕಂಪನಿಯ ಕೊನೆಯ ಮಾತಲ್ಲ.

ದುರಸ್ತಿಯಾದ ಯಂತ್ರವನ್ನು ಅಲ್ಲೇ ಆನ್ ಮಾಡಿ, ಕೀಬೋರ್ಡ್, ಕ್ಯಾಮೆರಾ, ವೈಫೈ, ಚಾರ್ಜಿಂಗ್ ಎಲ್ಲವನ್ನೂ ನೋಡಿ. ಕೇಸ್ ಮುಚ್ಚಲು ಒಟಿಪಿ ಕೇಳಿದರೆ ಈ ಪರೀಕ್ಷೆಯಾದ ಮೇಲಷ್ಟೇ ಹೇಳಿ. ಯಾವ ಭಾಗ ಬದಲಾಯಿತೆಂದು ಬರೆಸಿಕೊಳ್ಳಿ.

ಇಷ್ಟಾದರೂ ನ್ಯಾಯ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಅವರು ದೂರನ್ನು ಕಂಪನಿಗೆ ರವಾನಿಸುತ್ತಾರೆ. ಹಲವು ಪ್ರಕರಣಗಳು ಅಲ್ಲೇ ಬಗೆಹರಿಯುತ್ತವೆ. ಅದೂ ಫಲಿಸದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ, ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಕಂಪನಿಯ ಕಚೇರಿ ಎಲ್ಲೇ ಇರಲಿ, ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಕಾಯ್ದೆ ಅವಕಾಶ ನೀಡಿದೆ. ವ್ಯಾಜ್ಯಕ್ಕೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಸಲ್ಲಿಸಬೇಕು. ಬಿಲ್, ಜಾಬ್ ಶೀಟ್, ಇಮೇಲ್‌ಗಳು, ಫೋಟೊಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ಲಗತ್ತಿಸಿ. ದೋಷ ತಯಾರಿಕೆಯದೇ ಎಂದು ತಿಳಿಯಲು ಆಯೋಗವು ಯಂತ್ರವನ್ನು ಪ್ರಯೋಗಾಲಯದ ಪರೀಕ್ಷೆಗೆ ಕಳುಹಿಸಬಹುದು. ಆದ್ದರಿಂದ ದೂರು ಇತ್ಯರ್ಥವಾಗುವವರೆಗೆ ಅದನ್ನು ಹೊರಗೆಲ್ಲೂ ಬಿಚ್ಚಿಸದೆ, ಸೆಂಟರಿನಿಂದ ಬಂದ ಸ್ಥಿತಿಯಲ್ಲೇ ಎತ್ತಿಡಿ.