ಒಬ್ಬಳೇ ಮನೆ ನಡೆಸುವಾಗ: ಕಾರ್ಡು, ಪಿಂಚಣಿ, ನಿದ್ದೆ

ಗಂಡ ತೀರಿಹೋಗಿರಬಹುದು, ಬಿಟ್ಟುಹೋಗಿರಬಹುದು. ಮದುವೆಯಾಗದೆ ಅಪ್ಪ ಅಮ್ಮನನ್ನು ನೋಡಿಕೊಳ್ಳುತ್ತಿರಬಹುದು. ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನಲ್ಲಿ, ಮಂಜೇಶ್ವರದಿಂದ ಮುಳ್ಳೇರಿಯದವರೆಗೆ, ಬೀಡಿ ಕಟ್ಟಿಯೋ ತೋಟದ ಕೆಲಸಕ್ಕೆ ಹೋಗಿಯೋ ಮನೆ ನಡೆಸುವ ಹೆಂಗಸರು ಬೇಕಾದಷ್ಟಿದ್ದಾರೆ. ಮಕ್ಕಳು ಉಂಡರೆ ಸಾಕು ಅನ್ನುವವರೇ ಜಾಸ್ತಿ. ಹಾಗಲ್ಲ ಅಕ್ಕಾ, ನೀವೂ ಚೆನ್ನಾಗಿರಬೇಕು.

ಮೊದಲು ನಿಮ್ಮನ್ನೇ ಒಂದಿಷ್ಟು ಕೇಳಿಕೊಳ್ಳಿ. ಬದುಕಿನ ಗುಣಮಟ್ಟ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆ ಮಾಡಿದ 26 ಪ್ರಶ್ನೆಗಳ ಪಟ್ಟಿಯಿದೆ. ಕಳೆದ ಎರಡು ವಾರ ಹೇಗಿತ್ತು ಅಂತ ಅದು ಕೇಳುತ್ತದೆ. ನಿದ್ದೆ ಸರಿಯಾಗಿ ಬರುತ್ತಿದೆಯೇ? ಖರ್ಚಿಗೆ ದುಡ್ಡು ಸಾಲುತ್ತದೆಯೇ? ಗೆಳತಿಯರ ಆಸರೆ ಇದೆಯೇ? ಎಲ್ಲಿ ‘ಇಲ್ಲ’ ಬಂತೋ ಅಲ್ಲಿಂದಲೇ ಶುರು ಮಾಡಿ.

ದುಡ್ಡಿನದಾದರೆ ರೇಷನ್ ಕಾರ್ಡು ತೆಗೆದು ನೋಡಿ. ತವರಿನ ಕಡೆ ಬಂದು ಬೇರೆ ಮನೆ ಮಾಡಿದ್ದರೂ ಹೆಸರು ಮಾತ್ರ ಅಣ್ಣನ ಕಾರ್ಡಿನಲ್ಲೇ ಉಳಿದಿರುತ್ತದೆ. ಅಣ್ಣನ ಸಂಪಾದನೆಯೂ ಲೆಕ್ಕಕ್ಕೆ ಬಂದು, ನಿಮಗೆ ಸಿಗಬೇಕಾದ, ಬಡ ಮನೆಗಳಿಗೆ ಕೊಡುವ ಹಳದಿ ಅಥವಾ ಗುಲಾಬಿ ಕಾರ್ಡು ತಪ್ಪುತ್ತದೆ. ಸರ್ಕಾರಿ ಅರ್ಜಿಗಳನ್ನು ಕಂಪ್ಯೂಟರಿನಲ್ಲಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಬೇರೆ ಕಾರ್ಡಿಗೆ ಅರ್ಜಿ ಹಾಕಿ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ, 18 ದಾಟಿದ ಹಿರಿಯ ಹೆಂಗಸೇ ಕಾರ್ಡಿನಲ್ಲಿ ಮನೆಯ ಯಜಮಾನಿ.

ಆಮೇಲೆ ಪಿಂಚಣಿ. ಇದು ವಿಧವೆಯರಿಗೆ ಮಾತ್ರ ಅಂದುಕೊಂಡು ಸುಮ್ನೆ ಕೂತವರಿದ್ದಾರೆ. ಗಂಡ ಬಿಟ್ಟುಹೋಗಿ ಏಳು ವರ್ಷ ದಾಟಿದವರೂ ಕೇಳಬಹುದು. 50 ದಾಟಿದ ಅವಿವಾಹಿತೆಯರಿಗೆ ಬೇರೆಯೇ ಪಿಂಚಣಿಯಿದೆ. ಮನೆಯ ವರಮಾನ ವರ್ಷಕ್ಕೆ ಒಂದು ಲಕ್ಷ ಮೀರಿರಬಾರದು. ವಿಲೇಜ್ ಆಫೀಸಿನಿಂದ ವರಮಾನದ ಸರ್ಟಿಫಿಕೇಟು ತಂದು ಪಂಚಾಯತಿನಲ್ಲಿ ಅರ್ಜಿ ಕೊಡಿ. ಮಲಯಾಳ ಬರೆಯಲು ಬಾರದೆಂದು ಹಿಂಜರಿಯಬೇಡಿ, ನಮ್ಮ ಕಡೆ ಕನ್ನಡದಲ್ಲೂ ಬರೆದು ಕೊಡುವ ಹಕ್ಕಿದೆ. ಮಂಜೂರಾದ ಮೇಲೂ ಮಸ್ಟರಿಂಗ್, ಅಂದರೆ ಬದುಕಿದ್ದೇವೆಂದು ಬೆರಳಚ್ಚು ಕೊಟ್ಟು ತೋರಿಸುವುದನ್ನು, ಮರೆಯಬಾರದು. ಮರೆತರೆ ಹಣ ನಿಲ್ಲುತ್ತದೆ. 60ರೊಳಗಿನ ವಿಧವೆಯರು ಮರುಮದುವೆ ಆಗಿಲ್ಲವೆಂಬ ಪತ್ರವನ್ನೂ ಕೊಡುತ್ತಿರಬೇಕು. ಇಂಥ ಪತ್ರ ಕೇಳುವುದು ನನಗೆ ಸರಿ ಕಾಣುವುದಿಲ್ಲ, ಆದರೆ ಕೊಡದೆ ಹಣ ಬಾರದು.

ಹೆಂಗಸರ ಸ್ವಸಹಾಯ ಗುಂಪಾದ ಕುಟುಂಬಶ್ರೀ ಘಟಕಕ್ಕೆ ಸೇರಿ. ಸಾಲ ಸಿಗುವುದು ಸರಿಯೇ. ಆದರೆ ವಾರಕ್ಕೊಮ್ಮೆ ನಾಲ್ಕು ಜನರ ಜೊತೆ ಕೂತು ಮಾತಾಡುವುದಿದೆಯಲ್ಲ, ಅದು ಸಾಲಕ್ಕಿಂತ ದೊಡ್ಡದು ಅನ್ನುತ್ತೇನೆ.

ಇನ್ನು ಮೈ. ಮೊರ ತೊಡೆಯ ಮೇಲಿಟ್ಟು, ಕತ್ತು ಬಗ್ಗಿಸಿ ದಿನವಿಡೀ ಬೀಡಿ ಸುತ್ತಿದರೆ ಹೆಗಲು ನೋಯದಿರುತ್ತದೆಯೇ? ಗಂಟೆಗೊಮ್ಮೆ ಎದ್ದು ಓಡಾಡಿ. ರಾತ್ರಿ ನಿದ್ದೆ ಬಾರದಿದ್ದರೆ, ಯಾವುದಕ್ಕೂ ಮನಸ್ಸಿಲ್ಲದಿದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ. ಕುಟುಂಬ ಆರೋಗ್ಯ ಕೇಂದ್ರಕ್ಕೆ ಬಿಪಿ, ಶುಗರ್ ನೋಡಿಸಲು ಹೋದಾಗ ಡಾಕ್ಟರ ಬಳಿ ಇದನ್ನೂ ಬಿಚ್ಚಿ ಹೇಳಿ.