ಎಲ್‌ಇಡಿ ಫಲಕದ ಅಡ್ಡಾದಿಡ್ಡಿ ಮಿನುಗು ನಿಂತ ಬಗೆ

ದೀಪಾವಳಿಗೆಂದು ನಾನೇ ವಿನ್ಯಾಸಗೊಳಿಸಿದ ಸರ್ಕ್ಯೂಟ್ ಬೋರ್ಡಿನಲ್ಲಿ ಒಂದೇ ಡೇಟಾ ಗೆರೆಯಲ್ಲಿ ಬರುವ ಸಂಕೇತದಂತೆ ಬಣ್ಣ ಬದಲಿಸುವ 64 ಡಬ್ಲ್ಯುಎಸ್2812ಬಿ ಎಲ್‌ಇಡಿಗಳನ್ನು ಕೂರಿಸಿ, ಅವುಗಳನ್ನು ಇಎಸ್‌ಪಿ32 ಎಂಬ ಮೈಕ್ರೋಕಂಟ್ರೋಲರಿನಿಂದ ನಿಯಂತ್ರಿಸುತ್ತಿದ್ದೆ. ಕೆಲವು ನಿಮಿಷ ಸರಿಯಾಗಿ ಬೆಳಗಿದ ಬಳಿಕ ಮೊದಲ ದೀಪದ ಬಣ್ಣ ತಪ್ಪುತ್ತಿತ್ತು, ಬೆನ್ನಲ್ಲೇ ಇಡೀ ಫಲಕ ಮನಬಂದಂತೆ ಮಿನುಗುತ್ತಿತ್ತು.

ಕೋಡಿನ ಲೈಬ್ರರಿಯನ್ನು ಬದಲಿಸಿದೆ. ಮೊದಲ ಎಲ್‌ಇಡಿಯನ್ನು ಕಿತ್ತು ಹೊಸದನ್ನು ಹಾಕಿದೆ. 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿದೆ. 2 ಆಂಪಿಯರ್ ಅಡಾಪ್ಟರಿನ ಬದಲು 5 ಆಂಪಿಯರಿನದನ್ನು ತಂದೆ. ಎಲ್ಲ ದೀಪಗಳೂ ಬಿಳಿಯಾಗಿ ಬೆಳಗಿದರೆ ಒಂದಕ್ಕೆ ಸುಮಾರು 60 ಮಿಲಿಆಂಪಿಯರಿನಂತೆ 3.84 ಆಂಪಿಯರ್ ಬೇಕಾಗುವುದರಿಂದ ದೊಡ್ಡ ಅಡಾಪ್ಟರ್ ಹೇಗೂ ಅಗತ್ಯವಿತ್ತು, ಆದರೆ ದೋಷ ಹೋಗಲಿಲ್ಲ.

ನಿಜವಾದ ಕಾರಣ ಸಂಕೇತದ ವೋಲ್ಟೇಜಿನಲ್ಲಿತ್ತು. 5 ವೋಲ್ಟಿನಲ್ಲಿ ನಡೆಯುವ ಈ ಎಲ್‌ಇಡಿ, ಪೂರೈಕೆಯ ಶೇ. 70ರಷ್ಟು, ಅಂದರೆ 3.5 ವೋಲ್ಟ್ ಬಂದರೆ ಮಾತ್ರ ಸಂಕೇತವನ್ನು 'ಒಂದು' ಎಂದು ಖಚಿತವಾಗಿ ಓದುತ್ತದೆ. ಇಎಸ್‌ಪಿ32 ಕೊಡುವುದು 3.3 ಮಾತ್ರ. ಸಂಕೇತವನ್ನು 5 ವೋಲ್ಟಿಗೆ ಏರಿಸಲೆಂದು ನಡುವೆ 74ಎಚ್‌ಸಿ125 ಎಂಬ ಬಫರ್ ಚಿಪ್ ಹಾಕಿದಾಗಲೂ ಪ್ರಯೋಜನವಾಗಲಿಲ್ಲ, ಏಕೆಂದರೆ ಅದರ ಮಿತಿಯೂ 3.5 ವೋಲ್ಟೇ. ಬೇಕಾದದ್ದು 2 ವೋಲ್ಟನ್ನೇ 'ಒಂದು' ಎಂದು ಸ್ವೀಕರಿಸುವ 74ಎಎಚ್‌ಸಿಟಿ125. ಕೊಳ್ಳುವಾಗ 'ಟಿ' ಅಕ್ಷರವನ್ನು ನೋಡಿಕೊಳ್ಳಲೇಬೇಕು.

ವಿದ್ಯುತ್ ತೆಗೆದು, ಮೊದಲ ಎಲ್‌ಇಡಿಗೆ ಹೋಗುವ ಡೇಟಾ ಗೆರೆಯನ್ನು ಬ್ಲೇಡಿನಿಂದ ಕತ್ತರಿಸಿದೆ. ಇಎಸ್‌ಪಿ32ರ ಕಡೆಯ ತುದಿಯನ್ನು ಚಿಪ್ಪಿನ 2ನೇ ಪಿನ್ನಿಗೆ, 3ನೇ ಪಿನ್ನನ್ನು 330 ಓಮ್ ರೆಸಿಸ್ಟರ್ ಮೂಲಕ ಎಲ್‌ಇಡಿಗೆ ಬೆಸೆದೆ. 14ನೇ ಪಿನ್ನಿಗೆ 5 ವೋಲ್ಟ್, 7ಕ್ಕೆ ಗ್ರೌಂಡ್. ಇವೆರಡರ ನಡುವೆ, ಚಿಪ್ಪಿಗೆ ತೀರ ಹತ್ತಿರದಲ್ಲಿ, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. 3ನೇ ಪಿನ್ನಿನ ಹೊರಹರಿವನ್ನು ತೆರೆಯುವ 1ನೇ ಪಿನ್ನನ್ನು ಗ್ರೌಂಡಿಗೆ ಸೇರಿಸದಿದ್ದರೆ ಸಂಕೇತ ಹೊರಬರುವ ಭರವಸೆಯಿಲ್ಲ. ಬಳಸದ 5, 9, 12ನೇ ಪಿನ್ನುಗಳನ್ನೂ ಗ್ರೌಂಡಿಗೇ ಕಟ್ಟಿದೆ. ಆ ಬಳಿಕ ಫಲಕವನ್ನು ರಾತ್ರಿಯಿಡೀ ಉರಿಸಿದರೂ ಒಂದು ಬಣ್ಣವೂ ತಪ್ಪಲಿಲ್ಲ.