ಹಳೇ ಅಲ್ಯೂಮಿನಿಯಂ ಸೈಕಲ್ಲಿಗೆ 34 ಹಲ್ಲು: ನಂದಿ ಬೆಟ್ಟ ಹತ್ತಿದ ನನ್ನ ಅನುಭವ

ಬುಡದ ಚೆಕ್‌ಪೋಸ್ಟಿನಿಂದ ಮೇಲಿನ ಗೇಟಿನವರೆಗೆ ಎಲ್ಲೂ ಕಾಲೂರದೆ 42 ನಿಮಿಷ. ವಯಸ್ಸು ನಲವತ್ತಾರು, ತೂಕ 72 ಕಿಲೋ. ಸೈಕಲ್ಲು ಅಲ್ಯೂಮಿನಿಯಂ ಫ್ರೇಮಿನ ಎಂಟು ಸ್ಪೀಡಿನದು, ಅಂದರೆ ಹಿಂದೆ ಎಂಟು ಗೇರು, ರಿಮ್ ಬ್ರೇಕ್. ಇದೇ ಸೈಕಲ್ಲಿನಲ್ಲಿ ಎರಡು ವರ್ಷದ ಹಿಂದೆ ಒಂದು ಗಂಟೆ ಹತ್ತು ನಿಮಿಷದ ಮೇಲಾಗುತ್ತಿತ್ತು, ಅದೂ ನಾಲ್ಕೈದು ಕಡೆ ನಿಂತು. ನಮ್ಮ ಚಿಕ್ಕಬಳ್ಳಾಪುರದ ಭಾನುವಾರದ ಗುಂಪಿನಲ್ಲಿ ಎಲ್ಲರೂ ಹೇಳುತ್ತಿದ್ದುದು ಒಂದೇ ಮಾತು: "ಸಾರ್, ಕಾರ್ಬನ್ ತಗೊಳ್ಳಿ, ಇಲ್ಲಾಂದ್ರೆ ಬೆಟ್ಟದ ಆಸೆ ಬಿಡಿ." ನಾನು ಕಾರ್ಬನ್ ಫೈಬರ್ ಫ್ರೇಮಿನ ಹಗುರ ಸೈಕಲ್ಲು ತಗೊಳ್ಳಲಿಲ್ಲ, ಬೆಟ್ಟದ ಆಸೆಯನ್ನೂ ಬಿಡಲಿಲ್ಲ. ಈಗ ಅದೇ ಹುಡುಗರು ಏನು ಮಾಡಿದಿರಿ ಅಂತ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ಮೊದಲು ದುಡ್ಡು ಎಲ್ಲೆಲ್ಲಿ ಹೋಯಿತು ಅನ್ನುವುದನ್ನು ಹೇಳಿಬಿಡುತ್ತೇನೆ. ಶೂ ಕಚ್ಚಿಕೊಳ್ಳುವ ಕ್ಲಿಪ್ ಪೆಡಲ್ಲು, ಅದಕ್ಕೆ ಶೂ, ಎರಡೂ ಸೇರಿ ಒಂಬತ್ತು ಸಾವಿರದ ಆಸುಪಾಸು. ಬಯಲು ರಸ್ತೆಯಲ್ಲಿ ಹಿತವಾಗಿತ್ತು, ಬೆಟ್ಟದಲ್ಲಿ ಒಂದು ನಿಮಿಷವೂ ಉಳಿಯಲಿಲ್ಲ. ಆಮೇಲೆ ಹಗುರ ಚಕ್ರದ ಜೋಡಿ, ಹದಿನೆಂಟು ಸಾವಿರ. ಬೆಂಗಳೂರಿನ ಒಂದು ಅಂಗಡಿಯವರು ಐದು ನಿಮಿಷ ಕಮ್ಮಿಯಾಗುತ್ತೆ ಅಂದಿದ್ದರು. ಒಂದು ನಿಮಿಷವೂ ಆಗಲಿಲ್ಲ. ಕೊನೆಗೆ ಹನ್ನೊಂದು ಸಾವಿರಕ್ಕೆ ಮಾರಿಬಿಟ್ಟೆ. ಮೂರು ತಿಂಗಳ ಜಿಮ್ಮು, ಡಬ್ಬಿಗಟ್ಟಲೆ ಪೌಡರ್ರು, ಅದು ಬೇರೆ ಲೆಕ್ಕ. ಬೆಟ್ಟ ಹತ್ತಿಸಿದ್ದು ಇವು ಯಾವುದೂ ಅಲ್ಲ, ಐದು ಸಾವಿರದೊಳಗೆ ಮುಗಿದ ಹಿಂದಿನ ಗೇರಿನ ಬದಲಾವಣೆ.

ನನ್ನದು ಗೊಬ್ಬರ, ಬಿತ್ತನೆ ಬೀಜದ ಅಂಗಡಿ. ಚೀಲ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಅಂಗಡಿಯಲ್ಲೇ ಇದೆ. ಒಂದು ಮಧ್ಯಾಹ್ನ ಗಿರಾಕಿ ಇಲ್ಲದಾಗ ಎಲ್ಲವನ್ನೂ ಅದರ ಮೇಲಿಟ್ಟು ತೂಗಿದೆ. ಸೈಕಲ್ಲು ಹನ್ನೊಂದು ಕಿಲೋ ಚಿಲ್ಲರೆ. ಬಟ್ಟೆ, ಶೂ, ಹೆಲ್ಮೆಟ್ಟು, ಪಂಪು, ಎರಡು ತುಂಬಿದ ಬಾಟಲಿ, ಬೀಗ ಎಲ್ಲ ಸೇರಿ ಐದರ ಹತ್ತಿರ. ನನ್ನನ್ನೂ ಕೂಡಿಸಿದರೆ 88. ಕಾರ್ಬನ್ ಸೈಕಲ್ಲು ತಂದರೆ ಉಳಿಯುವುದು ಎರಡು, ಹೆಚ್ಚೆಂದರೆ ಎರಡೂವರೆ ಕಿಲೋ. 88ರಲ್ಲಿ ಎರಡು ಅಂದರೆ ನೂರಕ್ಕೆ ಎರಡು ಚಿಲ್ಲರೆ. ಕಡಿದಾದ ಏರಿನಲ್ಲಿ ಕೆಲಸವೆಲ್ಲ ತೂಕ ಎತ್ತುವುದೇ, ಗಾಳಿಯ ಲೆಕ್ಕ ಅಷ್ಟಕ್ಕಷ್ಟೆ. ಹಾಗಾಗಿ ಸಮಯವೂ ಅಷ್ಟೇ ಕಮ್ಮಿಯಾಗುತ್ತದೆ: ನಲವತ್ತು ನಿಮಿಷದಲ್ಲಿ ಒಂದು ನಿಮಿಷ. ಒಂದೂವರೆ ಲಕ್ಷಕ್ಕೆ ಒಂದು ನಿಮಿಷ! ಸುಮಾರು ಒಂದು ಕಿಲೋ ಇದ್ದ ಬೀಗವನ್ನೂ ಒಂದು ಬಾಟಲಿಯನ್ನೂ ಅವತ್ತೇ ಅಂಗಡಿಯಲ್ಲಿ ಬಿಟ್ಟೆ. ಪೈಸೆ ಖರ್ಚಿಲ್ಲದೆ ಒಂದೂವರೆ ಕಿಲೋ ಇಳಿಯಿತು.

ನಿಜವಾದ ತೊಂದರೆ ಕೊನೆಯ ಎರಡು ಕಿಲೋಮೀಟರಿನಲ್ಲಿತ್ತು. ನಂದಿಯ ತುದಿ ಸಮುದ್ರಮಟ್ಟದಿಂದ 1478 ಮೀಟರ್. ಬುಡದಿಂದ ನಾವು ಏರುವುದು ನಾನೂರು ಚಿಲ್ಲರೆ ಮೀಟರ್, ದೂರ ಏಳೂವರೆ ಕಿಲೋಮೀಟರಿನ ಸುಮಾರು. ಸರಾಸರಿ ಏರು ನೂರು ಮೀಟರಿಗೆ ಐದೂವರೆ, ಆರು ಮೀಟರ್ ಅಂತ ಬರುತ್ತದೆ, ಅದನ್ನು ನೋಡಿ ಮೋಸ ಹೋಗಬಾರದು. ಕೆಳಗೆ ಸಲೀಸು, ಮೇಲೆ ತಿರುವಿನ ಮೇಲೆ ತಿರುವು, ಅಲ್ಲಲ್ಲಿ ಹತ್ತರ ಮೇಲೂ ಹೋಗುತ್ತದೆ. ನನ್ನ ಸೈಕಲ್ಲಿನಲ್ಲಿ ಮುಂದೆ 50 ಮತ್ತು 34 ಹಲ್ಲಿನ ಎರಡು ಚಕ್ರ, ಹಿಂದಿನವುಗಳಲ್ಲಿ ದೊಡ್ಡದಕ್ಕೆ 28 ಹಲ್ಲು. ಅಲ್ಲಿ ಮುಂದೆ 34, ಹಿಂದೆ 28ರಲ್ಲಿ ಗಂಟೆಗೆ ಏಳು ಕಿಲೋಮೀಟರಿನಲ್ಲಿ ಹೋದರೆ ಪೆಡಲ್ಲು ನಿಮಿಷಕ್ಕೆ 45 ಸುತ್ತು. ಅಂದರೆ ಪ್ರತಿ ಸುತ್ತಿಗೂ ಎದ್ದು ನಿಂತು ಮೈಭಾರ ಹಾಕಿ ತುಳಿಯಬೇಕು. ಮಾರನೇ ದಿನ ಮಂಡಿಚಿಪ್ಪಿನ ಕೆಳಗೆ ನೋವು, ಅಂಗಡಿಯ ಸ್ಟೂಲಿನಿಂದ ಏಳುವಾಗ ಕೈ ಊರಬೇಕಾಗುತ್ತಿತ್ತು. ಹಿಂದೆ 34 ಹಲ್ಲು ಹಾಕಿದರೆ ಅದೇ ಏಳು ಕಿಲೋಮೀಟರಿಗೆ 55 ಸುತ್ತು. ಹತ್ತು ಸುತ್ತು ಏನು ಮಹಾ ಅನ್ನುವವರು ಒಮ್ಮೆ ತುಳಿದು ನೋಡಲಿ. ಕೂತೇ ಹತ್ತಬಹುದು.

ಇದನ್ನು ಹೇಳಿದಾಗ ಗುಂಪಿನಲ್ಲಿ ಸಿಕ್ಕ ಉತ್ತರ: "ರೋಡ್ ಬೈಕಿಗೆ ಎಂಟಿಬಿ ಕ್ಯಾಸೆಟ್ಟಾ? ಕಾಲಲ್ಲಿ ಶಕ್ತಿ ಬರಿಸ್ಕೊಳ್ಳಿ ಸಾರ್ ಮೊದ್ಲು." ಎಂಟಿಬಿ ಅಂದರೆ ಗುಡ್ಡಗಾಡಿನ ಸೈಕಲ್ಲು, ಕ್ಯಾಸೆಟ್ಟು ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು. ಸರಿ ಅಂತ ಹಟ ಹಿಡಿದೆ.

ಮೊದಲ ಪ್ರಯತ್ನ ಹಾಳಾಯಿತು. ಡಿರೇಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ, ಬದಲಾಯಿಸದೆ, ಅದನ್ನು ಕೆಳಕ್ಕಿಳಿಸುವ ಒಂದು ಲಿಂಕ್ ಸಿಗುತ್ತದಲ್ಲ, ಆರೇಳುನೂರು ರೂಪಾಯಿಗೆ ಅದನ್ನು ತರಿಸಿದೆ. ನನ್ನದು ಗಿಡ್ಡ ಕೇಜಿನ ಡಿರೇಲರ್, ಅಂದರೆ ಚೈನಿನ ಸಡಿಲ ಎಳೆದಿಡುವ ತೋಳು ಚಿಕ್ಕದು. 34ಕ್ಕೆ ಏರಿತೇನೋ ನಿಜ, ಆದರೆ ಚಿಕ್ಕ ಹಲ್ಲಿಗೆ ಬಂದರೆ ಚೈನು ಜೋಲುತ್ತಿತ್ತು, ಗೇರು ಅರ್ಧ ಸೆಕೆಂಡು ತಡವಾಗಿ ಬೀಳುತ್ತಿತ್ತು. ಏರಿನಲ್ಲಿ ಒಮ್ಮೆ ಚೈನು ಕಳಚಿ ಪೆಡಲ್ಲಿನ ತೋಳಾದ ಕ್ರ್ಯಾಂಕಿಗೂ ಫ್ರೇಮಿಗೂ ನಡುವೆ ಸಿಕ್ಕಿಹಾಕಿಕೊಂಡಿತು. ಆ ಗೀರು ಇನ್ನೂ ಇದೆ.

ಆಮೇಲೆ ನಮ್ಮೂರ ಮೆಕ್ಯಾನಿಕ್ಕಿನ ಹತ್ತಿರ ಹೋದೆ. ಹಾಲಿನವರ ಅಟ್ಲಾಸು, ಹೀರೋ ರಿಪೇರಿ ಮಾಡಿಕೊಂಡು ಬಂದ ಕೈ ಅವರದು, ಕಂಪ್ಯೂಟರ್ ನೋಡಿ ಕೆಲಸ ಮಾಡುವವರಲ್ಲ. "ಅಣ್ಣಾ, ಇದು ಎಂಟು ಸ್ಪೀಡಲ್ವಾ, ಎಂಟಿಬಿ ಡಿರೇಲರ್ರೇ ಹಾಕೋಣ, ಎಳೆತ ಒಂದೇ" ಅಂದರು. ಅವರ ಮಾತು ಸರಿ. ಶಿಮಾನೊ ಕಂಪನಿಯ ಹಳೇ ಎಂಟು, ಒಂಬತ್ತು ಸ್ಪೀಡಿನ ಸಾಲುಗಳಲ್ಲಿ ಸಾಮಾನ್ಯವಾಗಿ ರೋಡ್ ಶಿಫ್ಟರಿಗೂ (ಗೇರು ಬದಲಿಸುವ ಹಿಡಿ) ಎಂಟಿಬಿ ಹಿಂದಿನ ಡಿರೇಲರಿಗೂ ಕೇಬಲ್ ಎಳೆತ ಹೊಂದುತ್ತದೆ. ಹತ್ತು ಸ್ಪೀಡಿನವರು ಈ ದಾರಿಗೆ ಬರಬೇಡಿ. ಉದ್ದ ಕೇಜಿನ ಡಿರೇಲರ್ ಎರಡು ಸಾವಿರದೊಳಗೆ, 11-34 ಕ್ಯಾಸೆಟ್ ಸಾವಿರದ ಇನ್ನೂರೋ ಮುನ್ನೂರೋ, ಹೊಸ ಚೈನು ಎಂಟುನೂರು, ಕೂಲಿ ಮುನ್ನೂರು. ಚೈನು ಹಳೆಯದನ್ನೇ ಉಳಿಸಿಕೊಳ್ಳಲು ಹೋಗಬೇಡಿ, 28ಕ್ಕೆ ಕತ್ತರಿಸಿದ್ದು 34ಕ್ಕೆ ಸಾಲದು. ಮರೆತು ಮುಂದಿನ ದೊಡ್ಡದಕ್ಕೂ ಹಿಂದಿನ ದೊಡ್ಡದಕ್ಕೂ ಒಟ್ಟಿಗೆ ಹಾಕಿದರೆ ಡಿರೇಲರ್ ಕಿತ್ತುಬರುತ್ತದೆ. 34ಕ್ಕೆ ಬಂದಾಗ ಡಿರೇಲರಿನ ಮೇಲಿನ ಪುಟ್ಟ ಚಕ್ರ ಕ್ಯಾಸೆಟ್ಟಿಗೆ ಉಜ್ಜಿ ಕರಕರ ಅನ್ನುತ್ತಿತ್ತು. ಆ ಅಂತರ ಹೊಂದಿಸುವ ಬಿ-ಸ್ಕ್ರೂವನ್ನು ಪೂರ್ತಿ ಬಿಗಿಮಾಡಿದರೂ ನಿಲ್ಲಲಿಲ್ಲ. ಮೆಕ್ಯಾನಿಕ್ಕು ಆ ಸ್ಕ್ರೂ ಬಿಚ್ಚಿ, ತಲೆ ಒಳಗೆ ಬರುವಂತೆ ತಿರುಗಿಸಿ ಹಾಕಿದರು. ಎರಡು ನಿಮಿಷದ ಕೆಲಸ, ಶಬ್ದ ಹೋಯಿತು.

ಗೇರು ಬಂದ ಮೇಲೂ ಸಮಯ ತಾನಾಗಿ ಇಳಿಯಲಿಲ್ಲ, ಐವತ್ತೈದು ನಿಮಿಷದ ಹತ್ತಿರ ನಿಂತುಬಿಟ್ಟಿತು. ಉಳಿದಿದ್ದು ಮೊದಲ ಮೂರು ಕಿಲೋಮೀಟರಿನಲ್ಲಿ ಸಿಕ್ಕಿತು. ಎಲ್ಲರೂ ಅಲ್ಲೇ ಬೀಗಿ ಜೋರಾಗಿ ತುಳಿಯುವುದು. ಚಿಕ್ಕಬಳ್ಳಾಪುರದಿಂದ ನಂದಿ ಊರು, ಭೋಗನಂದೀಶ್ವರನ ಗುಡಿ ದಾಟಿ ಬುಡ ಮುಟ್ಟುವಷ್ಟರಲ್ಲಿ ಕಾಲು ಬಿಸಿಯಾಗಿರುತ್ತದೆ, ಉಮೇದು ಇರುತ್ತದೆ. ನಾನು ಅರ್ಧ ಬೆಟ್ಟದವರೆಗೆ ಬಾಯಿ ಮುಚ್ಚಿ ಮೂಗಿನಲ್ಲೇ ಉಸಿರಾಡುತ್ತೇನೆ. ಬಾಯಿ ತೆರೆಯಬೇಕು ಅನ್ನಿಸಿದರೆ ಒಂದು ಗೇರು ಇಳಿಸುತ್ತೇನೆ. ಹುಡುಗರು ದಾಟಿಕೊಂಡು ಹೋಗುತ್ತಾರೆ, ಹೋಗಲಿ. ಮೇಲಿನ ತಿರುವುಗಳಲ್ಲಿ ಬೆನ್ನು ಡೊಂಕು ಮಾಡಿಕೊಂಡು ಸೈಕಲ್ಲು ತಳ್ಳುತ್ತಾ ಸಿಗುತ್ತಾರೆ. ಅರ್ಧದ ನಂತರ ಉಸಿರನ್ನು ಪೆಡಲ್ಲಿಗೆ ಹೇಗೆ ಕೂಡಿಸುತ್ತೇನೆ ಅನ್ನುವುದನ್ನೂ, ಯಾವ ತಿರುವಿನ ನಂತರ ಒಂದು ಗೇರು ಏರಿಸಿ ಸಮಯ ಕದಿಯುತ್ತೇನೆ ಅನ್ನುವುದನ್ನೂ ಇಲ್ಲಿ ಬರೆಯುವುದಿಲ್ಲ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ತಿರುವಿನ ಬಗ್ಗೆ ಇಷ್ಟು ಹೇಳಬಲ್ಲೆ. ಎಡ ತಿರುವಿನಲ್ಲಿ ನಾವು ಒಳಮೈಯಲ್ಲಿರುತ್ತೇವೆ, ಅಲ್ಲಿ ರಸ್ತೆ ಗೋಡೆಯ ಹಾಗೆ ಕಡಿದು. ಬಲ ತಿರುವಿನಲ್ಲಿ ಹೊರಮೈ, ಅಲ್ಲಿ ಉಸಿರು ಸಿಗುತ್ತದೆ. ಗೇರು ಇಳಿಸುವುದು ಎಡ ತಿರುವಿಗೆ ಹತ್ತು ಮಾರು ಮೊದಲೇ, ತಿರುವಿನೊಳಗೆ ಹೋದ ಮೇಲೆ ಇಳಿಸಿದರೆ ಚೈನು ಅಳುತ್ತದೆ. ಶನಿವಾರ ಭಾನುವಾರ ಕಾರು ಬೈಕಿನ ಸಾಲಿನಲ್ಲಿ ಇದ್ಯಾವುದೂ ನಡೆಯದು. ನಾನು ಹೋಗುವುದು ಮಂಗಳವಾರ, ಬುಧವಾರ.

ನಡುವೆ ಊಟದ ಪ್ರಯೋಗವೂ ನಡೆಯಿತು. ರಾಗಿ ಅಂಬಲಿಯನ್ನು ಮಜ್ಜಿಗೆ ಹಾಕಿ ತೆಳ್ಳಗೆ ಮಾಡಿ ಬಾಟಲಿಗೆ ತುಂಬಿದೆ. ಹೊಟ್ಟೆಗೆ ಬಹಳ ಒಳ್ಳೆಯದು, ಆದರೆ ಹಿಟ್ಟು ತಳ ಹಿಡಿದು ಬಾಟಲಿಯ ಬಾಯಿ ಕಟ್ಟಿಕೊಳ್ಳುತ್ತದೆ. ಹೊರಡುವ ಒಂದು ಗಂಟೆ ಮೊದಲು ಮನೆಯಲ್ಲೇ ಒಂದು ಲೋಟ ಕುಡಿಯುವುದು ಸರಿಯಾದದ್ದು. ಬಾಟಲಿಗೆ ನಿಂಬೆಹಣ್ಣು, ಬೆಲ್ಲ, ಚಿಟಿಕೆ ಉಪ್ಪು. ಜೇಬಿಗೆ ಒಣದ್ರಾಕ್ಷಿ. ದ್ರಾಕ್ಷಿ ಬೆಳೆಯುವ ಊರಿನಲ್ಲಿದ್ದುಕೊಂಡು ನೂರು ರೂಪಾಯಿಯ ಜೆಲ್ ಪೊಟ್ಟಣ ಯಾಕೆ? ಬಾಳೆಹಣ್ಣು ಮಾತ್ರ ಮೇಲೆ ತೆಗೆಯಬೇಡಿ, ಕೋತಿಗಳು ಕೈಯಿಂದಲೇ ಕಿತ್ತುಕೊಳ್ಳುತ್ತವೆ. ಟೈರಿನ ಅಗಲ 25 ಮಿಲಿಮೀಟರಿನಿಂದ 28ಕ್ಕೆ ಹೋಗಿ ಗಾಳಿಯ ಒತ್ತಡ ಎಂಬತ್ತು ಪಿಎಸ್‌ಐಗೆ ಇಳಿಸಿದೆ. ಹತ್ತುವಾಗ ವ್ಯತ್ಯಾಸ ಕಾಣಲಿಲ್ಲ, ಇಳಿಯುವಾಗ ಧೈರ್ಯ ಬಂತು.

ಇಳಿಜಾರಿಗೆ ಮೊದಲು ಬ್ರೇಕ್ ರಬ್ಬರ್ ನೋಡಿಕೊಳ್ಳಿ. ಚಳಿಗಾಲದ ಮಂಜಿನಲ್ಲಿ ರಿಮ್ಮು ಒದ್ದೆ, ಮೊದಲ ಎರಡು ಸುತ್ತು ಬ್ರೇಕ್ ಹಿಡಿಯುವುದೇ ಇಲ್ಲ. ಒಂದೇ ಸಮ ಒತ್ತಿ ಹಿಡಿಯದೆ, ತಿರುವಿಗೆ ಮುಂಚೆ ಎರಡೂ ಗಟ್ಟಿಯಾಗಿ ಒತ್ತಿ ಬಿಡಬೇಕು. ಹಿಂದೆ ಕೆಂಪು ದೀಪ ಕಡ್ಡಾಯ.

ಮುಂದಿನದು ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಲಟ್ಟಿ ಘಾಟಿ, 36 ತಿರುವು. ಅದಕ್ಕೆ 34ಕ್ಕೆ 34 ಸಾಲದು, ಮುಂದೆ 30 ಹಲ್ಲಿನ ಕ್ರ್ಯಾಂಕ್ ಹುಡುಕುತ್ತಿದ್ದೇನೆ, ಆಗ ಅದೇ ಏಳು ಕಿಲೋಮೀಟರ್ ವೇಗಕ್ಕೆ ಪೆಡಲ್ಲು 62 ಸುತ್ತಿಗೆ ಬರುತ್ತದೆ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ನನ್ನ ಹಳೇ 28ರ ಕ್ಯಾಸೆಟ್ಟು, ಗಿಡ್ಡ ಡಿರೇಲರ್ರು ಎರಡೂ ಚೆನ್ನಾಗಿವೆ, ಅಂಗಡಿಯಲ್ಲೇ ಇವೆ. ಬಯಲು ರಸ್ತೆಯವರು ಎಂಟುನೂರು ಕೊಟ್ಟು ಒಯ್ಯಬಹುದು.